ಶಿಲೆಯ ಪಾಠ, ನೀರಿನ ಎಚ್ಚರ

ಗೋರೆಗಾಂವಿನ ಕಪ್ಪುಬಂಡೆಯು ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಗಟ್ಟಿ. ಕೋಲಾರದ ಬಂಡೆಗಳಾದರೋ 250 ಕೋಟಿ ವರ್ಷಗಳಿಗೂ ಹಳೆಯವು. ಇವುಗಳನ್ನು ಓದುವ ವಿದ್ಯೆಗೆ ಕನ್ನಡನಾಡಿನಲ್ಲಿ ತೌರುಮನೆಯಂತಿದ್ದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ವಿಭಾಗ. ಅಲ್ಲಿನ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾಯರು, ಅಲ್ಲಿಯೇ ಕಲಿತ ಬಿ. ಪಿ. ರಾಧಾಕೃಷ್ಣ ಮೊದಲಾದವರು ಕೂಡಿ 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದರು. ವಿದ್ಯಾಲಯದ ಬಾಂಧವ್ಯವು ಹೀಗೆ ದೇಶಕ್ಕೇ ಸಲ್ಲುವ ಸಂಸ್ಥೆಯಾಯಿತು.

ರಾಧಾಕೃಷ್ಣ ಅವರು (1918–2012) ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿ ಅಂತರ್ಜಲದ ಶೋಧನೆಗೆ ವಿಶೇಷ ಗಮನವಿತ್ತರು. ಈ ವಿದ್ಯೆಗೂ ಆರೋಗ್ಯಕ್ಕೂ ನಿಕಟ ಸಂಬಂಧವುಂಟು. ಗ್ರಾನೈಟಿನಂತಹ ಶಿಲೆಗಳ ಖನಿಜಗಳಿಂದ ಫ್ಲೋರೈಡ್ ನೀರಿನಲ್ಲಿ ಕರಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲುಗಳು ಕಲೆಗಟ್ಟುವ ಸಂಭವವುಂಟು. ಇನ್ನೂ ಹೆಚ್ಚಾದ ನೀರನ್ನು ದೀರ್ಘಕಾಲ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಕುದಿಸಿದರೂ ಈ ದೋಷ ನೀಗದು. ಕೋಲಾರ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಇದು ಕಂಡುಬಂದಿದೆ.

ಮುಂಬಯಿಯ ನಲ್ಲಿಗೆ ಜಲಾಶಯದ ನೀರು ಬರುತ್ತದೆ. ಊರಿನಲ್ಲುಳಿದ ವೃದ್ಧ ಮಾತಾಪಿತರಿಗೆ ಕೊಳವೆಬಾವಿಯೇ ಗತಿ. ರಜೆಗೆ ಊರಿಗೆ ತೆರಳುವ ಬಂಧುಗಳು ಆ ನೀರನ್ನು ಒಮ್ಮೆ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವುದು ಶ್ರೇಯಸ್ಕರ.