ಸೂರ್ಯನನ್ನು ಹೊರಗಿಟ್ಟು ಕಡಲ ಚಿತ್ರ

ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ. ಸಂಜೆಯಾದರೆ ಮಲ್ಪೆಯಲ್ಲಾಗಲಿ ಗೋಕರ್ಣದಲ್ಲಾಗಲಿ ಆಕಾಶವೇ ಚಿತ್ರ ಬರೆದುಕೊಡುತ್ತದೆ, ಕ್ಯಾಮೆರಾ ಹಿಡಿದವರು ಗುಂಡಿ ಒತ್ತಿದರಾಯಿತು. ಆ ಸುಲಭದಿಂದ ತಪ್ಪಿಸಿಕೊಳ್ಳಬೇಕೆಂದೇ ವರ್ಷದ ಮಟ್ಟಿಗೆ ಎರಡು ಕಟ್ಟಳೆ ಹಾಕಿಕೊಂಡೆ: ಚೌಕಟ್ಟಿನೊಳಗೆ ಸೂರ್ಯ ಬರಕೂಡದು, 35 ಎಂಎಂ ಲೆನ್ಸ್ ಬಿಟ್ಟು ಬೇರೆ ಮುಟ್ಟಕೂಡದು. ಜಪಾನಿನ ಹಿರೋಶಿ ಸುಗಿಮೊಟೊ 1980ರಿಂದ ಕಡಲುಗಳನ್ನು ಚಿತ್ರಿಸುತ್ತಾ ಬಂದಿದ್ದಾರೆ. ಮೇಲರ್ಧ ಆಕಾಶ, ಕೆಳಗರ್ಧ ನೀರು, ಅಷ್ಟೇ. ಆ ಹಟ ನನಗೆ ಧೈರ್ಯ ಕೊಟ್ಟಿತು.

ಸಂಜೆ ಹೋದದ್ದೇ ಬೆಳಗು ಸಿಕ್ಕಿತು. ಘಟ್ಟ ಹತ್ತಿ, ತೆಂಗಿನ ತೋಟ ದಾಟಿ ಬರುವ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಹೋಗಿ ತೆರೆಯ ಮುಖದ ಮೇಲೆ ಬೀಳುತ್ತದೆ. ಆಗ ನೀರಿನ ಹಸಿರು ಕಾಣುತ್ತದೆ. ಸಂಜೆ ಅದು ಬರೀ ಹೊಳಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಎಲ್ಲರಿಗೂ ಪರಿಚಿತವಾದ ಆ ನೋಟ ರಸ್ತೆಯಲ್ಲಿ ನಿಂತರೆ 35 ಎಂಎಂಗೆ ದಕ್ಕುವುದಿಲ್ಲ. ಹಾಗಾಗಿ ದಡಕ್ಕಿಳಿದೆ. ಇಳಿತದ ಹೊತ್ತಿನ ಒದ್ದೆ ಮರಳು, ಅದರ ಮೇಲೆ ನೀರು ಎಳೆದ ಗೆರೆ, ಏಡಿಗಳು ಉರುಟಿಟ್ಟ ಪುಟ್ಟ ಉಂಡೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ದೂರ ಸರಿಯುತ್ತದೆ. ಕ್ಯಾಮೆರಾ ಚೀಲದಲ್ಲಿ ಪಂಚಾಂಗಕ್ಕೂ ಜಾಗವಾಯಿತು.

ಷಟರ್ ವಿಷಯದಲ್ಲಿ ನನ್ನದೊಂದು ತಕರಾರಿದೆ. 30 ಸೆಕೆಂಡ್ ತೆರೆದಿಟ್ಟರೆ ತೆರೆಗಳೆಲ್ಲ ಕರಗಿ ಮಂಜಾಗುತ್ತವೆ. ಚಂದವೇ, ಆದರೆ ಆ ಕಡಲು ಯಾವ ದೇಶದ್ದೂ ಆಗಬಹುದು. ಕಾಲು ಸೆಕೆಂಡ್ ಸಾಕು: ನೊರೆ ಎಳೆಎಳೆಯಾಗಿ ಹಿಂದೆ ಜಾರುವುದು ಕಾಣುತ್ತದೆ, ಮರವಂತೆ ಮರವಂತೆಯಾಗಿಯೇ ಉಳಿಯುತ್ತದೆ.

ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳದ್ದು ಬೇರೆ ಲೆಕ್ಕ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರಿದು ಆದ ಕಂಬಗಳವು. ಛಾಯಾಗ್ರಾಹಕರು ದೂರುವ ನಡುಹಗಲ ಬಿಸಿಲೇ ಅವಕ್ಕೆ ಒಪ್ಪುತ್ತದೆ. ಸಂದುಗಳಲ್ಲಿ ನೆರಳು ತುಂಬಿ ಪ್ರತಿ ಅಂಚೂ ಎದ್ದು ನಿಲ್ಲುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲಿ, ದಿಗಂತ ಖಾಲಿ, ಹೊಳೆಗಳು ತಂದ ಮಣ್ಣಿಗೆ ನೀರು ಕೆಂಪು. ಆಗ ನೀರಿಗಿಳಿಯದೆ ದೂರದಲ್ಲೇ ನಿಂತು ತೆಗೆದೆ. ಅದೇ ಜಾಗದ ಜನವರಿಯ ಚಿತ್ರದ ಪಕ್ಕ ಇಟ್ಟಾಗ ಮರಳು ಎಷ್ಟು ಕೊಚ್ಚಿಹೋಗಿದೆಯೆಂದು ಕಂಡು ಎದೆ ಝಲ್ಲೆಂದಿತು. ಅದರಲ್ಲಿ ಬಹಳಷ್ಟನ್ನು ತೆರೆಗಳೇ ಮಳೆಗಾಲ ಮುಗಿದ ಮೇಲೆ ಮತ್ತೆ ತಂದು ಹಾಕಿದವು.

ಮುಂದಿನ ವರ್ಷ ಅಘನಾಶಿನಿ ಅಳಿವೆ, ಇಳಿತದಲ್ಲಿ ಬಳಚು ಹೆಕ್ಕುವವರು ಓಡಾಡುವ ಕೆಸರು ಬಯಲು. ಅಲ್ಲಿಗೆ ಕಟ್ಟಳೆಯೂ ಹೊಸದು: ಚೌಕಟ್ಟಿನಲ್ಲಿ ದಿಗಂತವೇ ಇರಕೂಡದು.