ಹದಿನೆಂಟು ತುಂಬಿತೇನು? ಎಣಿಸಿ ನೋಡಿರಿ



ನೀವು ಈಗ ಅಂಕಿ ಓದಲು ಕಲಿತಿದ್ದೀರಿ. ಮಗಳ ಜನನ ಪ್ರಮಾಣ ಪತ್ರ ತೆಗೆದು ನೋಡಿರಿ. ಅದು ಇಲ್ಲದಿದ್ದರೆ ಶಾಲೆಯ ದಾಖಲೆ ನೋಡಿರಿ. ಹುಟ್ಟಿದ ತಾರೀಖಿಗೆ 18 ವರ್ಷ ಕೂಡಿಸಿರಿ. ಮಗಳು 10-6-2010ರಂದು ಹುಟ್ಟಿದ್ದರೆ 10-6-2028ಕ್ಕೆ 18 ತುಂಬುತ್ತದೆ. ಅದಕ್ಕಿಂತ ಮುಂಚೆ ಮಾಡಿದರೆ ಅದು ಬಾಲ್ಯವಿವಾಹ. ಹುಡುಗನಿಗೆ 21 ತುಂಬಿರಬೇಕು.

"ಹುಡುಗಿ ದೊಡ್ಡಾಕಿ ಆಗ್ಯಾಳ, ಇನ್ನೇನು ಕಾಯೋದು?" ಎಂದು ಹಿರಿಯರು ಕೇಳುತ್ತಾರೆ. ದೊಡ್ಡಾಕಿ ಆಗುವುದು ಬೇರೆ. ತಾಯಿ ಆಗುವಷ್ಟು ಮೈ ಬೆಳೆಯುವುದು ಬೇರೆ. ಎಳೆ ವಯಸ್ಸಿನಲ್ಲಿ ಬಸುರಾದರೆ ಹೆರಿಗೆ ಕಷ್ಟ. ತಾಯಿಯ ಜೀವಕ್ಕೇ ಅಪಾಯ. ಕೂಸು ತೂಕವಿಲ್ಲದೆ ಹುಟ್ಟುವುದೂ ಹೆಚ್ಚು. ಓದು ಅಲ್ಲಿಗೇ ನಿಲ್ಲುತ್ತದೆ.

ಜಮಖಂಡಿ, ಮುಧೋಳ, ಬೀಳಗಿ ಕಡೆ ಕಬ್ಬಿನ ಕೆಲಸ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೆಲಸ. ತಂದೆ-ತಾಯಿ ಇಬ್ಬರೂ ದುಡಿಯಬೇಕು. "ಮನ್ಯಾಗ ಒಬ್ಬಾಕಿನ್ನ ಹೆಂಗ ಬಿಡೋದು?" ಎಂಬ ಅಂಜಿಕೆ. "ಅಕ್ಕನ ಹಂದರದಾಗ ತಂಗೀದೂ ಆಗಲಿ, ಖರ್ಚು ಉಳೀತದ" ಎಂಬ ಲೆಕ್ಕ. ಈ ಅಂಜಿಕೆ ಸುಳ್ಳಲ್ಲ, ಬಡತನವೂ ಸುಳ್ಳಲ್ಲ. ಆದರೆ ಉಳಿಸಿದ ಆ ಖರ್ಚನ್ನು ಮಗಳು ತನ್ನ ಜೀವ ತೇಯ್ದು ತೀರಿಸಬೇಕಾಗುತ್ತದೆ.

1929ರ ಶಾರದಾ ಕಾಯಿದೆಯಲ್ಲಿ ಹುಡುಗಿಗೆ 14 ವರ್ಷ ಎಂದಿತ್ತು. 1978ರಲ್ಲಿ ಅದು 18 ಆಯಿತು. 2006ರ ಕಾಯಿದೆಯಂತೆ ಬಾಲ್ಯವಿವಾಹ ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕವು 2016ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿತು. ಈಗ ತಾಳಿ ಕಟ್ಟಿದರೂ ಕಾನೂನು ಅದನ್ನು ಮದುವೆ ಎಂದು ಒಪ್ಪುವುದಿಲ್ಲ.

ಆದರೂ ನಿಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತದೆ? ನಮ್ಮ ರಾಜ್ಯದಲ್ಲಿ 20ರಿಂದ 24 ವರ್ಷದ 100 ಹೆಂಗಸರಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು. ಅದು ಹುಡುಗಿಯ ಬಾಯಲ್ಲಿ ಬರಬೇಕು.

ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ 'ಸಮತಾ' ಎಂಬ ಯೋಜನೆ ನಡೆದಿತ್ತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಬಿಡಬಾರದು ಎಂಬುದು ಅದರ ಗುರಿ. ಹುಡುಗಿಯರು ಗುಂಪಾಗಿ ಕೂತು ಮಾತಾಡಿದರು. ತಂದೆ-ತಾಯಿಯರ ಜೊತೆಗೂ, ಹುಡುಗರ ಜೊತೆಗೂ ಮಾತುಕತೆ ನಡೆಯಿತು. ನಮ್ಮ ಓಣಿಯಲ್ಲೂ ಹೀಗೆ ಕೂಡಬಹುದಲ್ಲವೇ? ಒಬ್ಬ ಹುಡುಗಿ "ಒಲ್ಲೆ" ಎಂದರೆ ಮನೆಯಲ್ಲಿ ಬೈಯುತ್ತಾರೆ. ಹತ್ತು ಗೆಳತಿಯರು ಜೊತೆ ನಿಂತರೆ ಊರೇ ಕೇಳುತ್ತದೆ.

ತಂಗೀ, ನಿನ್ನ ಮದುವೆಯ ಮಾತು ಬಂದರೆ ಸುಮ್ಮನಿರಬೇಡ. ಅವ್ವನಿಗೆ ಹೇಳು. ಅವ್ವ ಕೇಳದಿದ್ದರೆ ಶಾಲೆಯ ಅಕ್ಕೋರಿಗೆ ಹೇಳು. ಅಂಗನವಾಡಿ ಕಾರ್ಯಕರ್ತೆಗೂ ಹೇಳಬಹುದು. 1098ಕ್ಕೆ ಫೋನು ಮಾಡು. ಹಗಲು, ರಾತ್ರಿ ಯಾವಾಗಲಾದರೂ ಮಾಡಬಹುದು. ದುಡ್ಡು ಬೇಕಿಲ್ಲ. ಅಧಿಕಾರಿಗಳು ಬಂದು ಮದುವೆ ನಿಲ್ಲಿಸುತ್ತಾರೆ.

ಅವ್ವಂದಿರೇ, ನೀವು ಬರೆಯಲು ಕಲಿತ ಕೈಯಿಂದ ಮನೆಯ ಗೋಡೆಯ ಮೇಲೆ ಎರಡು ಅಂಕಿ ದೊಡ್ಡದಾಗಿ ಬರೆಯಿರಿ: 18. 1098.