ಎಂಬತ್ತೈದರಲ್ಲಿ ಶುರುವಾದ ಕೆಲಸ

ಬೆಂಗಳೂರಿನಲ್ಲಿ 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿರಕ್ಷಣಾ ಸಂಸ್ಥೆ ಹುಟ್ಟಿದಾಗ ಅದಕ್ಕೆ ಅಡಿಪಾಯ ಹಾಕಿದ ಕ್ರಿಸ್ಟಲ್ ರೋಜರ್ಸ್ ಅವರಿಗೆ ಸುಮಾರು 85 ವರ್ಷ. ಮೊಮ್ಮಕ್ಕಳ ಜೊತೆ ಬಿಸಿಲು ಕಾಯಿಸಿಕೊಂಡು ಕೂರುವ ವಯಸ್ಸಿನಲ್ಲಿ ಆ ಇಂಗ್ಲಿಷ್ ಮಹಿಳೆ ಬೀದಿನಾಯಿಗಳ ಗಾಯ ತೊಳೆಯಲು ಹೊಸ ಊರಿಗೆ ಬಂದಿದ್ದರು. ಅದು ಅವರ ಮೂರನೆಯ ಸಂಸ್ಥೆ.

ಮೊದಲನೆಯದಕ್ಕೆ ಕಾರಣ ಒಂದು ಕುದುರೆ. ದೆಹಲಿಯ ರಸ್ತೆಯಲ್ಲಿ ಅದು ಸಾಯುತ್ತಾ ಬಿದ್ದಿತ್ತು, ಕಾಗೆಗಳು ಕಣ್ಣು ಕುಕ್ಕಿದ್ದವು. ಅದನ್ನು ಕಂಡ ಕ್ರಿಸ್ಟಲ್ ಭಾರತದಲ್ಲೇ ನೆಲೆಸಿದರು. ಆಗಲೇ ಐವತ್ತು ದಾಟಿದ್ದ ಅವರು ದೆಹಲಿಯಲ್ಲಿ ‘ದಿ ಅನಿಮಲ್ಸ್ ಫ್ರೆಂಡ್’ ಕಟ್ಟಿದರು, 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಆರಂಭಿಸಿದರು. ಒಂದು ಸಂಸ್ಥೆ ನೆಲೆ ನಿಂತ ಮೇಲೆ ಅದನ್ನು ಬೇರೆಯವರ ಕೈಗೆ ಒಪ್ಪಿಸಿ ಮುಂದಿನ ಊರಿಗೆ ಹೊರಡುವುದು ಎಷ್ಟು ಜನರಿಂದಾದೀತು? ನನಗೆ ಅವರ ಕರುಣೆಗಿಂತ ಈ ಗುಣವೇ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಅವರ ಸುತ್ತ ಸೇರಿದವರು ಕ್ಯೂಪಾವನ್ನು ಬೆಳೆಸಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಆಶ್ರಯತಾಣ ಬಂತು. ಕಾಡುಪ್ರಾಣಿಗಳಿಗೆಂದು ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದರದೇ ಆನೆ ಆರೈಕೆ ಕೇಂದ್ರ ಮಾಲೂರಿನಲ್ಲಿದೆ.

ಕೊಡಗಿನ ಚೆಟ್ಟಳ್ಳಿಯ ಓದುಗರ ಮುಂದೆ ಇದನ್ನೆಲ್ಲ ಹೇಳಲು ಕಾರಣವಿದೆ. ಇಲ್ಲಿ ನಿವೃತ್ತರಿಗೆ ಬರವಿಲ್ಲ. ಸೇನೆಯಿಂದ ಮರಳಿದವರಿದ್ದಾರೆ, ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರದಲ್ಲೋ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲೋ ದುಡಿದವರಿದ್ದಾರೆ, ತೋಟದ ಲೆಕ್ಕ ಬರೆಯುವ ರೈಟರಾಗಿದ್ದವರು, ಮೇಷ್ಟ್ರಾಗಿದ್ದವರು ಇದ್ದಾರೆ. ಪ್ರಾಣಿರಕ್ಷಣೆ ಎಂದರೆ ಬಾವಿಗೆ ಹಗ್ಗ ಇಳಿಬಿಟ್ಟು ಧುಮುಕುವ ಹುಡುಗರ ಕೆಲಸ ಎಂದು ನಾವು ತಿಳಿದಿದ್ದೇವೆ. ಆ ಸಾಹಸ ಅರ್ಧ ಗಂಟೆಯದು. ಆಮೇಲಿನ ಹದಿನೈದು ದಿನದ ಆರೈಕೆಗೆ ಬಿಡುವಿರುವ ಮನುಷ್ಯ ಬೇಕು.

ನಮ್ಮ ಮಳೆಗಾಲವನ್ನೇ ನೋಡಿ. ನಾಯಿಯ ಕಿವಿಯ ಹಿಂದಿನ ಸಣ್ಣ ಗೀರೂ ಒಣಗುವುದಿಲ್ಲ. ನೊಣ ಮೊಟ್ಟೆಯಿಟ್ಟರೆ ಒಂದೆರಡು ದಿನದಲ್ಲಿ ಹುಳು ಬೀಳುತ್ತದೆ. ಹೊರಗೆ ಬೆರಳಗಲದ ತೂತು, ಒಳಗೆಲ್ಲ ಟೊಳ್ಳು. ಮೊದಲು ಬ್ಯಾಂಡೇಜ್ ಬಟ್ಟೆಯಿಂದ ಮೂತಿಯನ್ನು ಉಸಿರಿಗೆ ತೊಂದರೆಯಾಗದಂತೆ ಕಟ್ಟಬೇಕು. ಗಾಯದ ಸುತ್ತ ಕೂದಲು ಕತ್ತರಿಸಿ, ಪಶುವೈದ್ಯರು ಹೇಳಿದ ಔಷಧಿ ಹಾಕಿ ಕಾದರೆ ಹುಳುಗಳು ಉಸಿರಿಗಾಗಿ ಮೇಲೆ ಬರುತ್ತವೆ. ಚಿಮಟದಲ್ಲಿ ಒಂದೊಂದೇ ತೆಗೆಯಬೇಕು. ಮುಗಿಯಿತು ಅಂದುಕೊಂಡರೆ ಮರುದಿನ ಇನ್ನಷ್ಟು ಇರುತ್ತವೆ. ಜಿಗಣೆ ಮೂಗಿನೊಳಗೆ ಸೇರಿದ್ದರಂತೂ ಇನ್ನೂ ತಾಳ್ಮೆ ಬೇಕು. ನಾಯಿಯ ಮುಂದೆ ನೀರಿನ ಬಟ್ಟಲಿಟ್ಟು, ನೀರಿನಾಸೆಗೆ ಜಿಗಣೆ ಹೊರಗೆ ಇಣುಕುವವರೆಗೆ ಕೂರಬೇಕು. ಇಣುಕಿದ ಕ್ಷಣದಲ್ಲೇ ಹಿಡಿಯಬೇಕು.

ಕೆಲಸಕ್ಕೆ ಇಳಿಯುವವರು ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಹೋಗಬೇಕು. ತೋಟದಲ್ಲಿ ಪುನುಗಿನ ಮರಿ ಸಿಕ್ಕರೆ ಸಾಕಿಕೊಳ್ಳುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಗೆ ತಿಳಿಸಬೇಕು. ಹಂದಿಗೆಂದು ಒಡ್ಡಿದ ಉರುಲಿಗೆ ಚಿರತೆ ಸಿಕ್ಕಿದ್ದರೂ ಅಷ್ಟೇ, ಹತ್ತಿರ ಹೋಗದೆ ಫೋನ್ ಮಾಡಬೇಕು. ಸಂತಾನಹರಣ ಚಿಕಿತ್ಸೆಗೆ 2023ರ ನಿಯಮಗಳಿವೆ. ಹಿಡಿದ ಬೀದಿನಾಯಿಗೆ ಚಿಕಿತ್ಸೆ, ಲಸಿಕೆ, ಗುರುತಿಗೆ ಕಿವಿಯ ತುದಿಯಲ್ಲೊಂದು ಸಣ್ಣ ಕತ್ತರಿಕೆ, ಆಮೇಲೆ ಹಿಡಿದ ಜಾಗಕ್ಕೇ ಮರಳಿ ಬಿಡುವುದು ಅದರಲ್ಲಿನ ಕ್ರಮ. ಹಿಡಿದ, ಬಿಟ್ಟ ನಾಯಿಗಳ ಲೆಕ್ಕ ಬರೆದಿಡುವುದಕ್ಕೆ ಹಳೆಯ ರೈಟರಿಗಿಂತ ತಕ್ಕವರು ಯಾರು?

ಕ್ರಿಸ್ಟಲ್ 1996ರಲ್ಲಿ ತೀರಿಕೊಂಡರು. ಬೆಂಗಳೂರಿಗೆ ಅವರಿಂದ ಸಿಕ್ಕಿದ್ದು ಬದುಕಿನ ಕೊನೆಯ ಐದು ವರ್ಷ ಮಾತ್ರ. ಇತ್ತ ಸಿದ್ದಾಪುರ ರಸ್ತೆಯಲ್ಲಿ ರಾತ್ರಿ ಜೀಪಿಗೆ ಸಿಕ್ಕ ನಾಯಿಯನ್ನು ಗೋಣಿಚೀಲದ ಮೇಲೆ ಮಲಗಿಸಿ ಪಶು ಆಸ್ಪತ್ರೆಗೆ ಒಯ್ದರೂ, ಚಿಕಿತ್ಸೆಯಾದ ಮೇಲೆ ಅದನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಬೆಂಗಳೂರು ದೂರ. ಕಾಫಿ ಮಾರಿದ ಮೇಲೆ ಮಳೆಗಾಲ ಪೂರ್ತಿ ಖಾಲಿ ಬೀಳುವ ಗೋದಾಮಿನ ಒಂದು ಮೂಲೆ, ಒಣ ಗೋಣಿಚೀಲ, ಬಿಸಿನೀರು, ಬೆಳಿಗ್ಗೆ ಸಂಜೆ ಬಂದು ಮಾತ್ರೆಯನ್ನು ಅನ್ನದಲ್ಲಿ ಕಲಸಿ ಕೊಡುವ ಇಬ್ಬರು ಹಿರಿಯರು ಸಿಕ್ಕರೆ ಚೆಟ್ಟಳ್ಳಿಯಲ್ಲೂ ಶುರು ಮಾಡಬಹುದು.